ಬಿಳಿ ಗೆರೆ ಕೂಡಿದರೆ ವಿಮಾನ ಕೂಡಿದಂತಲ್ಲ

ಕುದೇರಿನ ಸುತ್ತಮುತ್ತ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟವರು ತಲೆಯೆತ್ತಿದರೆ, ಕೆಲವು ದಿನ ಆಕಾಶದಲ್ಲಿ ಎರಡು ಬಿಳಿ ಗೆರೆಗಳು ಕತ್ತರಿಯಂತೆ ಅಡ್ಡಹಾಯ್ದಿರುತ್ತವೆ. “ಇನ್ನೇನ್ ಗುದ್ಕಬುಟ್ಟಿದ್ವು ಕನಣ್ಣ!” ಎಂಬ ಉದ್ಗಾರವನ್ನು ನಾನೇ ಕೇಳಿದ್ದೇನೆ.

ಆ ಗೆರೆ ಹೊಗೆಯಲ್ಲ. ಎಂಜಿನ್ನಿನಿಂದ ಹೊರಬಿದ್ದ ಹಬೆ ಮೇಲಿನ ಕೊರೆಯುವ ಚಳಿಗೆ ಹೆಪ್ಪುಗಟ್ಟಿದ ಮಂಜಿನ ಹರಳು. ವಿಮಾನ ಹೋದ ಮೇಲೂ ಅದು ಉಳಿಯುವುದರಿಂದ, ಗೆರೆ ಎಳೆದ ಎರಡು ವಿಮಾನಗಳ ನಡುವೆ ಹತ್ತು ನಿಮಿಷದ ಅಂತರ ಇದ್ದಿರಬಹುದು. ಒಂದೇ ಹೊತ್ತಿಗೆ ಹಾದರೂ ಮೂಡಣಕ್ಕೆ ಹೋಗುವುದು 35,000 ಅಡಿಯಲ್ಲಿ, ಪಡುವಣಕ್ಕೆ ಹೋಗುವುದು 36,000 ಅಡಿಯಲ್ಲಿ, ಹೀಗೆ ಬೆಸ ಮತ್ತು ಸಮ ಸಾವಿರಗಳ ಲೆಕ್ಕದಲ್ಲಿ ಹಾರುತ್ತವೆ. ನಡುವಿನ ಸಾವಿರ ಅಡಿ, ಅಂದರೆ 300 ಮೀಟರ್, ಹತ್ತು ಕಿಲೋಮೀಟರ್ ಕೆಳಗಿನ ನಮ್ಮ ಕಣ್ಣಿಗೆ ಸಿಗುವುದಿಲ್ಲ. ಮಾಳದಾಚೆಯ ಎರಡು ತೆಂಗಿನ ಮರ ದೂರದಿಂದ ಅಂಟಿಕೊಂಡಂತೆ ಕಾಣುವುದೂ ಹೀಗೆಯೇ.

2023ರ ಜೂನ್ 1ರಂದು ನಮ್ಮ ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ವಾಯುಪಡೆಯ ವಿಮಾನ ಬಿತ್ತಲ್ಲ, ಅದೂ ಡಿಕ್ಕಿಯಲ್ಲ. ಎರಡು ಪ್ಯಾರಾಚೂಟ್ ಇಳಿದದ್ದು ನಿಜ, ಆದರೆ ವಿಮಾನ ಒಂದೇ. ‘ಕಿರಣ್’ ತರಬೇತಿ ವಿಮಾನದಲ್ಲಿ ಎರಡು ಆಸನ. ಇಬ್ಬರೂ ಹೊರಚಿಮ್ಮಿ ಬದುಕಿದರು.

ಹಾಗಾದರೆ ಅಷ್ಟು ದೊಡ್ಡ ಆಕಾಶದಲ್ಲಿ ಡಿಕ್ಕಿ ಆಗುವುದೇ ಇಲ್ಲವೆ? ಆಗುತ್ತದೆ. ಆಕಾಶ ಎಷ್ಟೇ ದೊಡ್ಡದಿದ್ದರೂ ಅದರೊಳಗಿನ ದಾರಿ ಕಿರಿದು. 1996ರ ನವೆಂಬರ್ 12ರ ಸಂಜೆ ದೆಹಲಿಗೆ ಬರುವ, ದೆಹಲಿಯಿಂದ ಹೊರಡುವ ವಿಮಾನಗಳಿಗೆ ಒಂದೇ ದಾರಿ ಇತ್ತು. 14,000 ಅಡಿಯಲ್ಲಿ ಸೌದಿ ವಿಮಾನ, 15,000ದಲ್ಲಿ ನಿಲ್ಲಬೇಕಿದ್ದ ಕಜಕಿಸ್ತಾನದ ವಿಮಾನ. ಎರಡನೆಯದು ಇನ್ನೂ ಕೆಳಗಿಳಿಯಿತು. ಚರ್ಖಿ ದಾದ್ರಿಯ ಮೇಲೆ 349 ಮಂದಿ ಸತ್ತರು, ಒಬ್ಬರೂ ಉಳಿಯಲಿಲ್ಲ.

ಪೈಲಟ್ ನೋಡಿ ತಿರುಗಿಸಬಾರದಿತ್ತೆ ಎಂದು ಬಹಳ ಜನ ಕೇಳುತ್ತಾರೆ. ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ವಿಮಾನ ಎದುರುಬದುರಾದರೆ ಸೆಕೆಂಡಿಗೆ ಅರ್ಧ ಕಿಲೋಮೀಟರ್ ಹತ್ತಿರವಾಗುತ್ತವೆ. ಚುಕ್ಕಿಯಂತಿದ್ದದ್ದು ವಿಮಾನವೆಂದು ಗುರುತು ಸಿಗುವಷ್ಟರಲ್ಲಿ ಕಾಲ ಮುಗಿದಿರುತ್ತದೆ. ಅದಕ್ಕೇ ಆ ದುರಂತದ ಬಳಿಕ ಭಾರತ ಡಿಕ್ಕಿ ತಪ್ಪಿಸುವ ಯಂತ್ರವನ್ನು ಕಡ್ಡಾಯ ಮಾಡಿತು. ಎರಡು ವಿಮಾನಗಳ ಯಂತ್ರಗಳು ತಾವೇ ಮಾತಾಡಿಕೊಂಡು, ಡಿಕ್ಕಿಗೆ ಸುಮಾರು 25 ಸೆಕೆಂಡ್ ಮೊದಲು ಒಬ್ಬ ಪೈಲಟ್‌ಗೆ ಏರು, ಇನ್ನೊಬ್ಬನಿಗೆ ಇಳಿ ಎನ್ನುತ್ತವೆ. ಎಡಕ್ಕೆ, ಬಲಕ್ಕೆ ಎಂದು ಹೇಳುವುದೇ ಇಲ್ಲ.

ಯಂತ್ರವಿದ್ದರೆ ಸಾಕೆನ್ನುವುದೂ ತಪ್ಪು. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಮೇಲೆ ರಷ್ಯಾದ ವಿಮಾನಕ್ಕೆ ಯಂತ್ರ ಏರು ಎಂದಿತು, ನೆಲದ ನಿಯಂತ್ರಕ ಇಳಿ ಎಂದ. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಎದುರಿನ ಸರಕು ವಿಮಾನ ಯಂತ್ರದ ಮಾತಿನಂತೆ ಇಳಿಯುತ್ತಿತ್ತು. ಸತ್ತ 71 ಮಂದಿಯಲ್ಲಿ ಬಹಳಷ್ಟು ಶಾಲಾಮಕ್ಕಳು. ಅಂಥ ಗಳಿಗೆಯಲ್ಲಿ ಯಂತ್ರದ ಮಾತೇ ಮೇಲು ಎಂಬ ನಿಯಮ ಗಟ್ಟಿಯಾದದ್ದು ಆ ಮಕ್ಕಳು ಹೋದ ಮೇಲೆ. ಇದನ್ನು ಬರೆಯುವಾಗ ಇಂದಿಗೂ ಸಂಕಟವಾಗುತ್ತದೆ.

ವಾಯುಪಡೆಯ ಲೆಕ್ಕ ಬೇರೆ. ಹತ್ತಿರ ಹಾರುವುದೇ ಅಲ್ಲಿ ಕೆಲಸ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಏರೋ ಇಂಡಿಯಾದ ಹಿಂದಿನ ದಿನದ ತಾಲೀಮಿನಲ್ಲಿ ಸೂರ್ಯಕಿರಣ್ ತಂಡದ ಎರಡು ವಿಮಾನ ತಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. 2023ರ ಜನವರಿ 28ರಂದು ಮಧ್ಯಪ್ರದೇಶದ ಮೊರೆನಾ ಬಳಿ ಸುಖೋಯ್, ಮಿರಾಜ್ ಅಪ್ಪಳಿಸಿದಾಗ ಮಡಿದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ನಮ್ಮ ಬೆಳಗಾವಿಯವರು.

ನಿಜವಾಗಿ ಕೂದಲೆಳೆಯಲ್ಲಿ ತಪ್ಪಿದ್ದು 2022ರ ಜನವರಿ 7ರ ಬೆಳಿಗ್ಗೆ, ಬೆಂಗಳೂರಿನಲ್ಲಿ. ಕೋಲ್ಕತ್ತಕ್ಕೆ ಒಂದು, ಭುವನೇಶ್ವರಕ್ಕೆ ಒಂದು ವಿಮಾನ ಪಕ್ಕಪಕ್ಕದ ರನ್‌ವೇಗಳಿಂದ ಏರಿ ಒಂದರತ್ತ ಒಂದು ಸಾಗಿದ್ದವು. ರೇಡಾರ್ ಮುಂದಿದ್ದ ನಿಯಂತ್ರಕರು ನೋಡಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಅಷ್ಟು ತಗ್ಗಿನಲ್ಲಿ ಬಿಳಿ ಗೆರೆಯೂ ಮೂಡುವುದಿಲ್ಲ.