‘ಕರ್ತವ್ಯಲೋಪ’: ಪದದ ಅರ್ಥ ಮತ್ತು ಬಳಕೆ

ಒಂಬತ್ತನೆಯ ತರಗತಿಯ ಅಭ್ಯಾಸ ಪಾಠವೊಂದರಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಕಪ್ಪುಹಲಗೆಯ ಮೇಲೆ ‘ಕರ್ತವ್ಯಲೋಪ = ಕೆಲಸ ಮಾಡದಿರುವುದು’ ಎಂದು ಬರೆದರು. ವಿದ್ಯಾರ್ಥಿನಿಯೊಬ್ಬಳು ಎದ್ದು, “ಹಾಗಾದರೆ ಭಾನುವಾರ ಶಾಲೆಗೆ ಬರದಿರುವುದೂ ಕರ್ತವ್ಯಲೋಪವೇ, ಮೇಡಂ?” ಎಂದಳು. ತರಗತಿ ನಕ್ಕಿತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಕೊಟ್ಟ ಅರ್ಥ ಸಾಲದಾಗಿತ್ತು.

ಪದವನ್ನು ಬಿಡಿಸಿದರೆ ಉತ್ತರ ಸಿಗುತ್ತದೆ. ‘ಕರ್ತವ್ಯ’ ಎಂದರೆ ಮಾಡಬೇಕಾದದ್ದು. ಸಂಸ್ಕೃತದ ‘ಕೃ’ ಧಾತುವಿಗೆ ‘ತವ್ಯ’ ಪ್ರತ್ಯಯ ಸೇರಿ ಆದ ರೂಪ. ‘ಲೋಪ’ವನ್ನು ಮಕ್ಕಳು ಲೋಪಸಂಧಿಯಲ್ಲಿ ಕಲಿತಿರುತ್ತಾರೆ. ಊರು + ಅಲ್ಲಿ = ಊರಲ್ಲಿ ಎನ್ನುವಾಗ ಪೂರ್ವಪದದ ಕೊನೆಯ ಉಕಾರ ಬಿಟ್ಟುಹೋಗುತ್ತದೆ. ಇರಬೇಕಾದ ಸ್ವರ ಇಲ್ಲವಾದಾಗ ಮಾತ್ರ ಅದು ಲೋಪ. ಅಂತೆಯೇ, ವಹಿಸಿದ ಹೊಣೆಯೊಂದು ಇದ್ದು ಅದು ನೆರವೇರದಿದ್ದಾಗ ಮಾತ್ರ ಕರ್ತವ್ಯಲೋಪ. ಭಾನುವಾರ ಆ ಹೊಣೆಯೇ ಇಲ್ಲ.

ಸಮೀಪದ ಪದಗಳೊಡನೆ ಹೋಲಿಸಿದರೆ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ನಿರ್ಲಕ್ಷ್ಯ’ ಗಮನ ಕೊಡದ ಮನೋಭಾವ. ನಮ್ಮ ಆರೋಗ್ಯವನ್ನೂ ನಾವು ನಿರ್ಲಕ್ಷಿಸಬಹುದು. ‘ದುರ್ನಡತೆ’ ಮಾಡಬಾರದ್ದನ್ನು ಮಾಡುವುದು; ‘ಕರ್ತವ್ಯಲೋಪ’ ಮಾಡಬೇಕಾದದ್ದನ್ನು ಬಿಡುವುದು. ಪತ್ರಿಕೆಗಳಲ್ಲಿ ಕಾಣುವ ‘ಕರ್ತವ್ಯಲೋಪದ ಆರೋಪದ ಮೇಲೆ ಅಮಾನತು’ ಎಂಬ ವಾಕ್ಯದಲ್ಲಿ ‘ಆರೋಪ’ ಎಂಬ ಪದವನ್ನೂ ಗಮನಿಸಲು ಹೇಳಬೇಕು. ವಿಚಾರಣೆ ಮುಗಿಯುವವರೆಗೆ ಲೋಪ ಸಾಬೀತಾಗಿಲ್ಲ ಎಂಬುದು ಅದರ ಸೂಚನೆ.

ಈ ಪದ ನಮ್ಮ ವೃತ್ತಿಗೂ ನೇರವಾಗಿ ಸಂಬಂಧಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ: ನಿಯಮಿತವಾಗಿ, ಸಮಯಕ್ಕೆ ಸರಿಯಾಗಿ ಶಾಲೆಗೆ ಬರುವುದು, ನಿಗದಿತ ಅವಧಿಯಲ್ಲಿ ಪಠ್ಯಕ್ರಮ ಮುಗಿಸುವುದು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ನೀಡುವುದು, ಪೋಷಕರೊಡನೆ ಸಭೆ ನಡೆಸುವುದು ಮುಂತಾದವು. ಇವುಗಳಲ್ಲಿ ಲೋಪವಾದರೆ ಶಿಸ್ತುಕ್ರಮವುಂಟು. ಆದರೆ ಅದಕ್ಕೆ ಮೊದಲು ಶಿಕ್ಷಕರ ಅಹವಾಲು ಕೇಳಲೇಬೇಕು.

‘ಊರಲ್ಲಿ’ ಎಂಬ ಪದದಲ್ಲಿ ಬಿಟ್ಟುಹೋದ ಉಕಾರದ ಜಾಗ ಖಾಲಿಯಾಗಿ ಕಾಣುವುದಿಲ್ಲ. ಪದ ಪೂರ್ಣವೆಂದೇ ತೋರುತ್ತದೆ. ನಮ್ಮ ಲೋಪಗಳೂ ಹಲವೊಮ್ಮೆ ಹಾಗೆಯೇ. ಹಾಜರಿ ತುಂಬಿರುತ್ತದೆ, ಪಾಠ ಮುಗಿದಿರುತ್ತದೆ, ಪಾಠಯೋಜನೆಗೆ ಸಹಿಯೂ ಬಿದ್ದಿರುತ್ತದೆ. ಅರ್ಥವಾಗದೆ ಕುಳಿತ ಮಗುವನ್ನು ಮಾತ್ರ ಯಾರೂ ವಿಚಾರಿಸಿರುವುದಿಲ್ಲ. ಈ ಪದವನ್ನು ಬೋಧಿಸುವ ಮುನ್ನ ಪ್ರಶಿಕ್ಷಣಾರ್ಥಿ ತನ್ನ ಪಾಠವನ್ನು ಹೀಗೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು.