ಹಳೆಯ ಮನೆಯ ಸಾಮಾನು: ಮಾರುವ ಮೊದಲು ಒಂದು ಪಟ್ಟಿ



ಅಡಿಕೆಯಲ್ಲಿ ಹಸ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಕಾಫಿಯಲ್ಲಿ ಪಾರ್ಚ್‌ಮೆಂಟಿಗೂ ಚೆರಿಗೂ ಇರುವ ಬೆಲೆಯ ಅಂತರವನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಹಿರಿಯರು ತೀರಿಕೊಂಡು ಮನೆ ಪಾಲಾಗುವಾಗ ಅಥವಾ ಹಳೆಯ ಮನೆಯನ್ನು ಬಿಚ್ಚುವಾಗ ಈ ವಿವೇಕ ನಮ್ಮ ಕೈಬಿಡುತ್ತದೆ. ಬೀಟೆ ಮರದ ಕಪಾಟು, ತೂಗುಮಂಚ, ಗೋಡೆ ಗಡಿಯಾರ, ದೇವರ ಪಟ, ಹಿತ್ತಾಳೆ ದೀಪ, ಅಟ್ಟದ ಮೇಲಿನ ಓಲೆಗರಿಯ ಕಟ್ಟು ಎಲ್ಲವನ್ನೂ ಒಟ್ಟುಗೂಡಿಸಿ ಗುಜರಿಯವನಿಗೆ ಒಂದೇ ಮಾತಿಗೆ ಕೊಟ್ಟುಬಿಡುತ್ತೇವೆ. ಮಲೆನಾಡಿನ ಬಂಗಲೆಗಳಲ್ಲೂ ಇದೇ ಕಥೆ, ನಮ್ಮ ಅಂಬಾಜಿದುರ್ಗದ ಕಡೆಯ ತೊಟ್ಟಿಮನೆಗಳಲ್ಲೂ ಇದೇ ಕಥೆ. ಗಾಡಿ ಹೊರಟ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುತ್ತದೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

ಎಸ್ಟೇಟ್ ಎಂದರೆ ನಮಗೆ ತೋಟ. ಇಂಗ್ಲೆಂಡ್, ಅಮೆರಿಕಗಳಲ್ಲಿ ಆ ಮಾತಿಗೆ ಸತ್ತವರು ಬಿಟ್ಟುಹೋದ ಆಸ್ತಿ ಎಂಬ ಅರ್ಥವೂ ಉಂಟು. ಅಲ್ಲಿ ಮನೆಯ ಯಜಮಾನ ತೀರಿಕೊಂಡರೆ ಚಿತ್ರಪಟ, ಪೀಠೋಪಕರಣ, ಪಿಂಗಾಣಿ ಎಲ್ಲಕ್ಕೂ ಸಂಖ್ಯೆ ಹಚ್ಚಿ, ಪಟ್ಟಿ ಮಾಡಿ, ಬೆಲೆ ಕಟ್ಟಿ, ಬಹಿರಂಗವಾಗಿ ಮಾರುವ ಪದ್ಧತಿಯಿದೆ. ಇದನ್ನೇ ಎಸ್ಟೇಟ್ ಸೇಲ್ ಎನ್ನುತ್ತಾರೆ. ಲಂಡನ್ನಿನ ಸದಬೀಸ್ 1744ರಿಂದ, ಕ್ರಿಸ್ಟೀಸ್ 1766ರಿಂದ ಹರಾಜು ನಡೆಸುತ್ತ ಬಂದಿವೆ. ಆ ಪದ್ಧತಿಯಲ್ಲಿ ನಾವು ಕಲಿಯಬೇಕಾದದ್ದು ಹರಾಜಿನ ಕೂಗನ್ನಲ್ಲ, ಅದಕ್ಕೂ ಮುಂಚೆ ತಯಾರಾಗುವ ಪಟ್ಟಿಯನ್ನು.

ಆಸ್ತಿಯ ಒಡೆತನ ಸ್ಪಷ್ಟವಾಗಿಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ನಿದರ್ಶನವಿದೆ. ನಮ್ಮ ಕಡೆಯಿಂದ ಬೆಂಗಳೂರನ್ನು ದಾಟಿ ಕನಕಪುರ ರಸ್ತೆಯಲ್ಲಿ ಮುಂದೆ ಹೋದರೆ ತಾತಗುಣಿ ಎಸ್ಟೇಟ್ ಸಿಗುತ್ತದೆ. ಸುಮಾರು 470 ಎಕರೆಯ ಈ ತೋಟದಲ್ಲಿ ಸುಗಂಧ ತೈಲ ಕೊಡುವ ಲಿನಾಲೊ ಮರಗಳನ್ನು ಬೆಳೆಸಿದವರು ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ಚಿತ್ರನಟಿ ದೇವಿಕಾರಾಣಿ. ಅಂದರೆ ಅವರೂ ನಮ್ಮಂತೆ ತೋಟಗಾರರೇ. ದಂಪತಿಗಳಿಗೆ ಮಕ್ಕಳಿರಲಿಲ್ಲ. ರೋರಿಕ್ 1993ರ ಜನವರಿಯಲ್ಲಿ, ದೇವಿಕಾರಾಣಿ 1994ರ ಮಾರ್ಚಿಯಲ್ಲಿ ತೀರಿಕೊಂಡರು. ತೋಟದ ಒಂದು ಭಾಗ ತನಗೆ ಕ್ರಯವಾಗಿದೆಯೆಂದು ಒಂದು ಖಾಸಗಿ ಕಂಪನಿ ಮುಂದೆ ಬಂತು. ಚಿತ್ರಗಳು, ಒಡವೆಗಳು, ಬೆಲೆಬಾಳುವ ವಸ್ತುಗಳು ಯಾರಿಗೆ ಸೇರಬೇಕೆಂಬ ವಿವಾದವೂ ಎದ್ದಿತು. ಕರ್ನಾಟಕ ಸರ್ಕಾರ 1996ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯಿದೆ ಮಾಡಿ ಎಸ್ಟೇಟನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ಆ ಕಾಯಿದೆಯ ಸಿಂಧುತ್ವ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಗಿ, 2011ರ ಆಗಸ್ಟ್ 9ರಂದು ಸರ್ಕಾರದ ಪರವಾಗಿ ತೀರ್ಪಾಯಿತು. ದೇವಿಕಾರಾಣಿಯವರು ತೀರಿಕೊಂಡು ಆ ಹೊತ್ತಿಗೆ 17 ವರ್ಷ ಕಳೆದಿತ್ತು. ಅಷ್ಟು ದೊಡ್ಡವರ ಆಸ್ತಿಯ ಪಾಡೇ ಹೀಗಾದರೆ, ಎರಡು ಎಕರೆಯ ನಮ್ಮಂಥವರು ಎಷ್ಟು ಎಚ್ಚರದಿಂದಿರಬೇಕೆಂದು ಯೋಚಿಸಿರಿ.

ಈಗ ನಮ್ಮ ಮನೆಗೆ ಬರೋಣ. ಅಡಿಕೆ ಆರಿಸುವ ಹಾಗೆ ಮನೆಯ ಹಳೆಯ ವಸ್ತುಗಳನ್ನೂ ಮೂರು ಪಾಲು ಮಾಡಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಮಾರಲೇಬಾರದ ವಸ್ತುಗಳು. ಹುಲಿ, ಚಿರತೆಗಳ ಚರ್ಮ, ಗೋಡೆಗೆ ತೂಗುಹಾಕಿದ ಕಾಟಿಯ ತಲೆ, ಜಿಂಕೆ ಕಡವೆಗಳ ಕೊಂಬು, ಹುಲಿಯುಗುರು, ಆನೆದಂತದ ಸಾಮಾನು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಡುತ್ತವೆ. ಅಜ್ಜ ಶಿಕಾರಿ ಮಾಡಿದ್ದು ಕಾಯಿದೆ ಬರುವುದಕ್ಕಿಂತ ಮೊದಲೇ ಎಂಬ ಮಾತು ನಡೆಯುವುದಿಲ್ಲ. ಮಾಲೀಕತ್ವದ ಪ್ರಮಾಣಪತ್ರ ಕೈಯಲ್ಲಿದ್ದರೂ ಅವನ್ನು ಮಾರುವಂತಿಲ್ಲ. ಪ್ರಮಾಣಪತ್ರವಿದ್ದ ವಸ್ತು ವಾರಸುದಾರಿಕೆಯಿಂದ ಬಂದರೆ 90 ದಿನಗಳೊಳಗೆ ಅರಣ್ಯ ಇಲಾಖೆಗೆ ಘೋಷಣೆ ಸಲ್ಲಿಸಬೇಕು. ಪ್ರಮಾಣಪತ್ರವೇ ಇಲ್ಲದ ವಸ್ತುವಿದ್ದರೆ ಮುಚ್ಚಿಡದೆ ವಕೀಲರ ಸಲಹೆ ಪಡೆದು ಇಲಾಖೆಯನ್ನು ಕಾಣುವುದು ಕ್ಷೇಮ.

ಎರಡನೆಯದು, ಕಾಯಿದೆಯ ಕಟ್ಟುಪಾಡಿಗೆ ಒಳಪಟ್ಟು ಮಾರಬಹುದಾದ ವಸ್ತುಗಳು. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರಂತೆ ಕನಿಷ್ಠ 100 ವರ್ಷ ಹಳೆಯ ಶಿಲ್ಪ, ಚಿತ್ರ, ನಾಣ್ಯ, ಕರಕುಶಲ ಕೃತಿಗಳು ಪ್ರಾಚೀನ ವಸ್ತುಗಳು. ಮಹತ್ವವುಳ್ಳ ಹಸ್ತಪ್ರತಿಯಾದರೆ 75 ವರ್ಷವೇ ಸಾಕು. ಕಲ್ಲು, ಲೋಹ, ದಂತಗಳ ವಿಗ್ರಹ, ಹಳೆಯ ವರ್ಣಚಿತ್ರ, ಸಚಿತ್ರ ಹಸ್ತಪ್ರತಿ ಮುಂತಾದ ಕೆಲವು ಬಗೆಗಳನ್ನು ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಕೈಬದಲಾದರೆ ಅದನ್ನೂ ತಿಳಿಸಬೇಕು. ಇವುಗಳ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಇರಬೇಕು. ಖಾಸಗಿಯವರು ಇವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನ ಮನೆಗೆಂದು ಅಜ್ಜಿಯ ಕಾಲದ ವಿಗ್ರಹವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಡುವ ಮೊದಲು ಇದನ್ನು ನೆನಪಿಡಿ. ತಪ್ಪಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಾಗಬಹುದು.

100 ವರ್ಷ ತುಂಬದಿದ್ದರೂ ಕೆಲವು ಕಲಾವಿದರ ಕೃತಿಗಳನ್ನು ಕೇಂದ್ರ ಸರ್ಕಾರ ಕಲಾ ನಿಧಿಗಳೆಂದು ಸಾರಿದೆ. ರಾಜಾ ರವಿವರ್ಮ ಮತ್ತು ರೋರಿಕ್ ಅವರ ತಂದೆ ನಿಕೊಲಾಸ್ ರೋರಿಕ್ ಈ ಪಂಕ್ತಿಯಲ್ಲಿದ್ದಾರೆ. ಇಂಥ ಕೃತಿಗಳನ್ನು ದೇಶದೊಳಗೆ ಮಾರಬಹುದು, ಹೊರಗೆ ಒಯ್ಯುವಂತಿಲ್ಲ.

ರವಿವರ್ಮನ ಹೆಸರು ಬಂದುದರಿಂದ ಒಂದು ಮಾತು. ನಮ್ಮ ಬಹುತೇಕ ಮನೆಗಳಲ್ಲಿರುವ ಲಕ್ಷ್ಮಿ, ಸರಸ್ವತಿಯರ ಪಟಗಳು ಆತ ಕೈಯಾರೆ ಬರೆದ ತೈಲಚಿತ್ರಗಳಲ್ಲ. 1894ರಲ್ಲಿ ಆತ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಮೊದಲುಗೊಂಡು ಅಚ್ಚಾಗುತ್ತ ಬಂದ ಪ್ರತಿಗಳು. ಭೂತಗನ್ನಡಿ ಹಿಡಿದು ನೋಡಿದರೆ ಅಚ್ಚಿನ ಸಣ್ಣ ಚುಕ್ಕೆಗಳು ಕಾಣುತ್ತವೆ. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರೂ ಇರಬಹುದು. ಹಳೆಯ ಪ್ರತಿಗಳಿಗೂ ಬೆಲೆಯುಂಟು, ಆದರೆ ಅದು ಮೂಲ ಚಿತ್ರದ ಬೆಲೆಯಲ್ಲ. ಲಕ್ಷಾಂತರ ರೂಪಾಯಿಯ ಆಸೆ ಹುಟ್ಟಿಸುವವರನ್ನೂ ನಂಬಬೇಡಿ, ಕಟ್ಟಿನ ಬೆಲೆ ಮಾತ್ರ ಕೊಡುತ್ತೇನೆ ಎನ್ನುವವರನ್ನೂ ನಂಬಬೇಡಿ.

ಮೂರನೆಯದು, ತೊಡಕಿಲ್ಲದೆ ಮಾರಬಹುದಾದ ಸಾಮಾನು: ಸಾಧಾರಣ ಮೇಜು, ಕುರ್ಚಿ, ಮಂಚ, ಪಾತ್ರೆ ಇತ್ಯಾದಿ. ಬೀಟೆ ಮರದ ಹಳೆಯ ಕೆಲಸಕ್ಕೆ ಈಗ ಒಳ್ಳೆಯ ಗಿರಾಕಿಯಿದೆ. ಮಾರುವ ಮುಂಚೆ ಚೆಂದ ಕಾಣಲೆಂದು ಉಜ್ಜಿ ಹೊಸ ಪಾಲಿಶ್ ಹೊಡೆಸುವವರಿದ್ದಾರೆ, ಹಾಗೆ ಮಾಡಬಾರದು. ತಿಳಿದ ಗಿರಾಕಿ ಹಣ ಕೊಡುವುದೇ ಆ ಹಳೆಯ ಮೈಬಣ್ಣಕ್ಕೆ. ಚಿನ್ನದ ರೇಕಿನ ಮೈಸೂರು ಚಿತ್ರಗಳನ್ನಂತೂ ಒದ್ದೆ ಬಟ್ಟೆಯಿಂದ ಒರೆಸಲೇಬಾರದು. ಬಣ್ಣವೂ ಉಬ್ಬುಕೆಲಸವೂ ಕಿತ್ತುಬರುತ್ತವೆ.

ಇನ್ನು ಪಟ್ಟಿಯ ವಿಚಾರ. ಒಂದು ನೋಟು ಪುಸ್ತಕ ತೆಗೆದುಕೊಂಡು ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡಿ. ವಸ್ತು ಏನು, ಯಾವ ಮರ ಅಥವಾ ಲೋಹದ್ದು, ಅಳತೆ ಎಷ್ಟು, ಮನೆಗೆ ಬಂದದ್ದು ಯಾರ ಕಾಲದಲ್ಲಿ, ಹಿಂಬದಿಯಲ್ಲಿ ಬರಹ ಅಥವಾ ಮುದ್ರೆಯಿದೆಯೆ ಎಂಬುದನ್ನು ಬರೆಯಿರಿ. ಎದುರಿನಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆಯಿರಿ. ಮನೆಯ ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ ಬರೆದುಕೊಂಡರೆ ಉತ್ತಮ; ಅವರಿಗೆ ಗೊತ್ತಿರುವ ಸಂಗತಿ ಬೇರೆ ಯಾವ ದಫ್ತರದಲ್ಲೂ ಸಿಗುವುದಿಲ್ಲ. ಕೊನೆಗೆ ಹಕ್ಕುದಾರರೆಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ, ಪಟ್ಟಿಗೆ ಸಹಿ ಹಾಕಬೇಕು. ಯಾರಿಗೆ ಯಾವುದು ಸೇರಬೇಕೆಂದು ಉಯಿಲಿನಲ್ಲಿ ಬರೆಯುವುದಾದರೆ ಇದೇ ಸಂಖ್ಯೆಗಳನ್ನು ಕಾಣಿಸಿದರಾಯಿತು.

ಮಾರುವುದೆಂದು ನಿಶ್ಚಯವಾದರೆ ಕಡಿಮೆಯೆಂದರೆ ಇಬ್ಬರಿಂದ ಬರವಣಿಗೆಯಲ್ಲಿ ಬೆಲೆ ಕೇಳಿ. ಹರಾಜಿಗೆ ಕೊಡುವುದಾದರೆ ಇಷ್ಟಕ್ಕಿಂತ ಕಡಿಮೆಗೆ ಬಿಡಕೂಡದೆಂಬ ಕನಿಷ್ಠ ಬೆಲೆ, ಅವರ ಕಮಿಷನ್, ಸಾಗಣೆಯ ವೆಚ್ಚ ಮೂರನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ. ತೋಟದ ಆದಾಯವನ್ನೇ ನೋಡಿ ರೂಢಿಯಾದ ನಮಗೆ ತೆರಿಗೆಯ ಒಂದು ಅಂಶ ಹೊಸದಾಗಿ ಕಾಣಬಹುದು. ಸ್ವಂತ ಬಳಕೆಯ ಕುರ್ಚಿ ಮೇಜು ಮಾರಿದರೆ ಬಂದ ಲಾಭಕ್ಕೆ ಆದಾಯ ತೆರಿಗೆಯಿಲ್ಲ. ಆದರೆ ಚಿತ್ರ, ಶಿಲ್ಪ, ಕಲಾಕೃತಿಗಳ ಮಾರಾಟದ ಲಾಭವನ್ನು 2007ರ ಹಣಕಾಸು ಕಾಯಿದೆ ತೆರಿಗೆಯ ವ್ಯಾಪ್ತಿಗೆ ತಂದಿತು. ಪಿತ್ರಾರ್ಜಿತ ವಸ್ತುವಿಗೆ 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿ ಹಿಡಿಯಲು ಅವಕಾಶವುಂಟು. ಅದನ್ನು ತೋರಿಸಲಿಕ್ಕೂ ಪಟ್ಟಿ ಮತ್ತು ಫೋಟೋ ಬೇಕೇ ಬೇಕು.

ಎಲ್ಲವನ್ನೂ ಮಾರಿ ಎಂದಾಗಲಿ, ಎಲ್ಲವನ್ನೂ ಇಟ್ಟುಕೊಳ್ಳಿ ಎಂದಾಗಲಿ ನಾನು ಹೇಳುತ್ತಿಲ್ಲ. ಮಗಳ ಮದುವೆಗೋ ಸಾಲದ ಕಂತಿಗೋ ಹಣ ಬೇಕಾದಾಗ ಮಾರುವುದರಲ್ಲಿ ಅವಮಾನವೇನಿಲ್ಲ. ಏನನ್ನು ಮಾರುತ್ತಿದ್ದೇವೆಂದು ತಿಳಿದು ಮಾರಬೇಕು, ಅಷ್ಟೆ. ಈ ಸಲದ ಕೊಯ್ಲು ಮುಗಿದು ಕೈ ಬಿಡುವಾದಾಗ ಎರಡು ದಿನ ಈ ಕೆಲಸಕ್ಕೆ ಮೀಸಲಿಡಿ. ಪಟ್ಟಿಯ ನಮೂನೆಯ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ಇರಿಸಿದೆ; ಸದಸ್ಯರು ಕೆಲಸದ ವೇಳೆಯಲ್ಲಿ ಬಂದು ಪಡೆಯಬಹುದು.

— ಕಾರ್ಯದರ್ಶಿ