ಒಂದು ತಾಸಿನ ಹಾದಿ

ಕಳೆದ ಡಿಸೆಂಬರಿನಲ್ಲಿ ಒಂದು ರಾತ್ರಿ ಹತ್ತಕ್ಕೆ ಬೆಂಗಳೂರಿನಿಂದ ಫೋನ್ ಬಂತು. ನನ್ನ ತಂಗಿಗೆ ಮರುದಿನ ಮಧ್ಯಾಹ್ನ ಮೂರಕ್ಕೆ ಹೃದಯದ ಆಪರೇಷನ್. 'ಅಣ್ಣನ ಮುಖಾ ನೋಡೇ ಒಳಗ ಹೋಗ್ತೀನಿ' ಅಂದಳಂತೆ. ಶಲವಡಿಯಿಂದ ಆ ಹೊತ್ತಿನಲ್ಲಿ ಹುಬ್ಬಳ್ಳಿಗೆ ಬಸ್ಸಿಲ್ಲ, ರಾತ್ರಿ ರೈಲು ಸಿಗುವಂತಿಲ್ಲ. 2023ರ ಜೂನಿನಲ್ಲಿ ಶುರುವಾದ ವಂದೇ ಭಾರತ್ ರೈಲು ಧಾರವಾಡ ಬಿಡುವುದು ಮಧ್ಯಾಹ್ನ, ಬೆಂಗಳೂರು ಮುಟ್ಟುವಾಗ ದೀಪ ಹಚ್ಚಿರುತ್ತಾರೆ. ಮಗ ನನಗೂ ಮೊಮ್ಮಗಳಿಗೂ ವಿಮಾನದ ಟಿಕೆಟ್ ತೆಗೆಸಿದ.

ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಆರನೇ ಇಯತ್ತೆಯ ಮೊಮ್ಮಗಳು ಅಟ್ಲಾಸ್ ಹರವಿಕೊಂಡು ಕೂತಳು.

"ಅಜ್ಜಾ, ಒಂದ್ ತಾಸಿನ್ಯಾಗ ಹ್ಯಾಂಗ ಮುಟ್ಟತೈತಿ? ರೈಲಿಗೆ ಆರೇಳು ತಾಸು ಬೇಕು!"

ಹೊಲಿಗೆ ದಾರ ತರಿಸಿದೆ. ಮಕ್ಕಳೇ, ನೀವೂ ಮಾಡಿ ನೋಡಿ. ರೈಲು ಹಳಿಯ ಗುಂಟ ದಾರ ಇಟ್ಟರೆ ಅದು ಹಾವೇರಿ, ಹರಿಹರ, ದಾವಣಗೆರೆ ದಾಟಿ ಬೀರೂರು, ಅರಸೀಕೆರೆಗೆ ಸುತ್ತಿ ತುಮಕೂರಿಗೆ ಬರುತ್ತದೆ: 469 ಕಿಲೋಮೀಟರ್. ರಸ್ತೆ ಚಿತ್ರದುರ್ಗದ ಮೇಲೆ ಹಾಯ್ದು ಸುಮಾರು 410. ದಾರವನ್ನು ಎರಡು ವಿಮಾನ ನಿಲ್ದಾಣಗಳ ನಡುವೆ ಬಿಗಿಯಾಗಿ ಎಳೆದರೆ ಸುಮಾರು 370 ಮಾತ್ರ. ಆಕಾಶದಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ, ಊರೂರಿಗೆ ನಿಲ್ಲುವ ಹಂಗಿಲ್ಲ.

ಬೆಳಿಗ್ಗೆ ಆರರ ಬಸ್ಸು ಹತ್ತಿದೆವು. ಎರೆ ಹೊಲದ ಬಿಳಿಜೋಳ ತೆನೆ ಹಿಡಿದಿತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣ ಮುಟ್ಟಿದಾಗ ಎಂಟೂವರೆ. ತಪಾಸಣೆಯಲ್ಲಿ ನನ್ನ ಚೀಲದಿಂದ ಅಡಕೊತ್ತು ಹೊರಬಂತು. ನಲವತ್ತು ವರ್ಷದ ಗೆಳೆಯ! ಹರಿತವಾದದ್ದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ದೊಡ್ಡ ಚೀಲದಲ್ಲಿ ಹಾಕಿ ಮೊದಲೇ ಒಪ್ಪಿಸಬೇಕಿತ್ತು. ತಪ್ಪು ನನ್ನದೇ. ಅಜ್ಜಂದಿರೇ, ನೆನಪಿಡಿ. ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಯಾರೂ ಏನೂ ಅನ್ನಲಿಲ್ಲ.

ವಿಮಾನ ಸಣ್ಣದು, ಎರಡೂ ರೆಕ್ಕೆಗೆ ಫ್ಯಾನಿನಂಥ ಪ್ರೊಪೆಲ್ಲರ್. ಇಂಥವು ತಾಸಿಗೆ ಸುಮಾರು 500 ಕಿಲೋಮೀಟರ್ ಹಾರುತ್ತವೆ. ಮೊಮ್ಮಗಳು ಲೆಕ್ಕ ಹಾಕಿದಳು: 370ಕ್ಕೆ 44 ನಿಮಿಷ. ಆದರೆ ಟಿಕೆಟ್ಟಿನಲ್ಲಿ ಒಂದೂಕಾಲು ತಾಸು! ಗಾಲಿ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ ಗಡಿಯಾರ ಹಿಡಿದಳು. 55 ನಿಮಿಷ. ಏರುವಾಗ, ಇಳಿಯುವಾಗ ವಿಮಾನಕ್ಕೆ ಪೂರ್ತಿ ವೇಗ ಇರುವುದಿಲ್ಲ. ಮೇಲೆ, ಬಾಗಿಲು ಹಾಕಿದ ಮೇಲೆ ರನ್‌ವೇ ತನಕ ಉರುಳುವುದು, ಇಳಿದ ಮೇಲೆ ಮತ್ತೆ ಉರುಳುವುದು, ಎಲ್ಲವೂ ಟಿಕೆಟ್ಟಿನ ಲೆಕ್ಕದಲ್ಲಿ ಸೇರಿರುತ್ತವೆ.

ಕೆಳಗೆ ಒಂದು ಹೊಳೆ ಹೊಳೆಯಿತು. "ತುಂಗಭದ್ರಾ!" ಎಂದು ಕೂಗಿದಳು. ನಾನು ಮಾತ್ರ ಗಡಿಯಾರವನ್ನೇ ನೋಡುತ್ತಿದ್ದೆ.

ದೇವನಹಳ್ಳಿಯಲ್ಲಿ ಇಳಿದಾಗ ಹನ್ನೊಂದೂವರೆ. ಅಲ್ಲಿಂದ ಊರೊಳಗೆ ಇನ್ನೂ ಮೂವತ್ತೈದು ಕಿಲೋಮೀಟರ್, ಹೆಬ್ಬಾಳದಲ್ಲಿ ವಾಹನಗಳ ಸಾಲು. ಆಸ್ಪತ್ರೆ ಮುಟ್ಟಿದ್ದು ಒಂದೂಕಾಲಿಗೆ. ಆಕಾಶದಲ್ಲಿ ಒಂದು ತಾಸೂ ಇಲ್ಲ, ಮನೆಯ ಹೊಸ್ತಿಲಿಂದ ಏಳು ತಾಸಿಗೂ ಮೇಲೆ.

ತಂಗಿ ಹಸಿರು ಬಟ್ಟೆ ತೊಟ್ಟು ಮಲಗಿದ್ದಳು. ನನ್ನ ಕೈ ಹಿಡಿದು, "ರೊಟ್ಟಿ ತಂದಿಯೇನೋ ಅಣ್ಣಾ?" ಅಂದಳು.

"ತಂದೀನಿ. ಆದರ ಈಗ ನಿನಗ ನೀರು ಸೈತ ಕೊಡಂಗಿಲ್ಲಂತ."

"ಇಟ್ಟಿರು ಮತ್ತ. ಖಡಕ್ ರೊಟ್ಟಿ, ಕೆಡಂಗಿಲ್ಲ."

ಆರನೆಯ ದಿನ ಅದನ್ನೇ ಹಾಲಿನಲ್ಲಿ ನೆನೆಸಿ ತಿಂದಳು.